ಬೆತ್ತಣ್ಣನ ಮುನ್ನೂರ ಹತ್ತು ಹೆಜ್ಜೆ

ಅಂಧರಿಗೆ ಕೆಲಸ ಕಲಿಸಿ ನೌಕರಿ ಕೊಡಿಸುವುದಕ್ಕೆಂದೇ ಇರುವ ಸರ್ಕಾರಿ ಇಲಾಖೆ ಬೆತ್ತಣ್ಣನಿಗೊಂದು ಕಾಗದ ಕಳಿಸಿತು. ಕಾಗದದಲ್ಲಿ ಇದ್ದದ್ದು ಒಂದೇ ದೋಷ. ಅದನ್ನು ಅಚ್ಚಿನ ಅಕ್ಷರದಲ್ಲಿ ಕಳಿಸಿದ್ದರು. ಬ್ರೈಲ್ ಚುಕ್ಕೆಗಳಲ್ಲಿ ಕಳಿಸಿದ್ದರೆ ಬೆತ್ತಣ್ಣ ಬೆರಳಾಡಿಸಿ ಓದಿಕೊಂಡು, ಮಡಚಿ ಜೇಬಿಗಿಟ್ಟು ಸುಮ್ಮನಾಗುತ್ತಿದ್ದ. ಅಚ್ಚಿನಲ್ಲಿದ್ದದ್ದರಿಂದ ಓದಿಸಿಕೊಳ್ಳಲು ಪಕ್ಕದ ಮನೆಯ ಗುಮಾಸ್ತರ ಬಳಿ ಹೋಗಬೇಕಾಯಿತು. ಗುಮಾಸ್ತರು ನಿವೃತ್ತರಾಗಿ ಆರು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಕೈಗೆ ಸಿಕ್ಕ ಮೊದಲ ಸರ್ಕಾರಿ ಕಾಗದ ಅದು. ಅವರು ಅದನ್ನು ಜಗುಲಿಯ ಮೇಲೆ ನಿಂತು, ಬೀದಿಯ ಕೊನೆಯವರೆಗೂ ಕೇಳುವಂತೆ ಓದಿದರು.

ಬೆತ್ತಣ್ಣನ ಬೆತ್ತ ಹೊಡೆಯುವ ಬೆತ್ತವಲ್ಲ, ಕುರ್ಚಿ ಹೆಣೆಯುವ ಬೆತ್ತ. ಹುಟ್ಟುಗುರುಡನಾದ ಅವನಿಗೆ ಇಪ್ಪತ್ತು ವರ್ಷದ ಹಿಂದೆ ಇದೇ ಇಲಾಖೆ ಆ ಕಸುಬು ಕಲಿಸಿತ್ತು. ಅವನು ಅದರಲ್ಲಿ ಎಷ್ಟು ಪಳಗಿದನೆಂದರೆ, ಅವನು ಹೆಣೆದ ಕುರ್ಚಿ ಕೂತವರಿಗಿಂತ ಹೆಚ್ಚು ಬಾಳಿಕೆ ಬರುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಆದರೆ ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ ಬೆತ್ತದ ಕುರ್ಚಿಯನ್ನು ಕೇಳುವವರಿಲ್ಲ. ಹೋದ ವರ್ಷ ಅವನು ಮತ್ತೆ ತರಬೇತಿ ಕೇಂದ್ರದ ಬಾಗಿಲು ಬಡಿದು, ಆರು ತಿಂಗಳು ಕೂತು ಟೆಲಿಫೋನ್ ಆಪರೇಟರ್ ಕೆಲಸ ಕಲಿತ. ಪರೀಕ್ಷೆಯಲ್ಲಿ ಮೊದಲಿಗನಾದ. ದೊಡ್ಡಾಸ್ಪತ್ರೆಯವರು ಒಂದನೇ ತಾರೀಖಿನಿಂದ ಬಾ ಎಂದೂ ಹೇಳಿಬಿಟ್ಟರು. ನಡುವೆ ಉಳಿದದ್ದು ಒಂದೇ ಒಂದು ಸರ್ಟಿಫಿಕೇಟು: ಇವನು ಯಾರ ನೆರವೂ ಇಲ್ಲದೆ ಓಡಾಡಬಲ್ಲ ಎಂಬುದು. ಅದು ಸಿಕ್ಕರೆ ನೌಕರಿ, ಸಿಗದಿದ್ದರೆ ಮತ್ತದೇ ಖಾಲಿ ಕುರ್ಚಿಗಳು.

ಕಾಗದದ ಸಾರಾಂಶ ಇಷ್ಟು. ಅಭ್ಯರ್ಥಿ ನಾಳೆ ಬೆಳಿಗ್ಗೆ ಹತ್ತಕ್ಕೆ ಮನೆಯಿಂದ ಬಸ್ ನಿಲ್ದಾಣಕ್ಕೆ ಒಬ್ಬನೇ ಹೋಗಿ ಬರತಕ್ಕದ್ದು. ಅಧಿಕಾರಿಗಳು ತಮ್ಮ ಗುರುತು ಹೇಳಿಕೊಳ್ಳದೆ ಸ್ಥಳದಲ್ಲೇ ಪರಿಶೀಲಿಸುವರು. ಅಭ್ಯರ್ಥಿಯನ್ನು ಯಾರಾದರೂ ಕೈಹಿಡಿದು ನಡೆಸಿದಲ್ಲಿ ಅರ್ಜಿ ವಜಾ.

ಬೆತ್ತಣ್ಣನಿಗೆ ಹೊಟ್ಟೆಯಲ್ಲಿ ಹಾಲು ಹುಯ್ದಂತಾಯಿತು. ಬಸ್ ನಿಲ್ದಾಣಕ್ಕೆ ಮುನ್ನೂರ ಹತ್ತು ಹೆಜ್ಜೆ. ಮನೆ ಬಿಟ್ಟ ಕೂಡಲೇ ಎಡಕ್ಕೆ ದರ್ಜಿಯ ಹೊಲಿಗೆ ಯಂತ್ರದ ಸದ್ದು. ನಲವತ್ತೆರಡನೇ ಹೆಜ್ಜೆಗೆ ಚರಂಡಿಯ ಮೇಲಿನ ಚಪ್ಪಡಿ, ಕಾಲಿಟ್ಟರೆ ಡಬಕ್ ಎನ್ನುತ್ತದೆ. ಆಮೇಲೆ ಸೈಕಲ್ ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿದ ಸೈಕಲ್ಲುಗಳು, ಅವುಗಳ ಚಕ್ರಕ್ಕೆ ಕೋಲು ತಾಗಿಸಿಕೊಂಡು ಹೋದರಾಯಿತು. ಹಿಟ್ಟಿನ ಗಿರಣಿಯ ಗಡಗಡ ಎದೆಗೆ ಬಡಿದಾಗ ಬಲಕ್ಕೆ ತಿರುಗಬೇಕು. ಅಲ್ಲಿಂದ ಬೇಕರಿಯ ಬಿಸಿಗಾಳಿ ನೇರವಾಗಿ ನಿಲ್ದಾಣದ ಕಂಬಕ್ಕೆ ಮುಟ್ಟಿಸುತ್ತದೆ. ಕಣ್ಣಿದ್ದವರು ಎಡವಿ ಬೈದುಕೊಳ್ಳುವ ಪ್ರತಿಯೊಂದು ವಸ್ತುವೂ ಅವನ ಪಾಲಿಗೆ ದಾರಿ ತೋರುವ ನೆಂಟ.

ಬೀದಿಯವರಿಗೆ ಮಾತ್ರ ಅದು ಹಿಡಿಸಲಿಲ್ಲ. ನಲವತ್ತು ವರ್ಷದಿಂದ ಆ ಬೀದಿಯಲ್ಲಿ ಬೆತ್ತಣ್ಣನ ರಟ್ಟೆ ಹಿಡಿಯದ ಕೈಯಿರಲಿಲ್ಲ. ಬೇಡವೆಂದರೂ ಹಿಡಿಯುತ್ತಿದ್ದರು, ಪುಣ್ಯದ ಕೆಲಸ, ಬಿಡುವುದುಂಟೇ? ನಾಳೆ ಒಂದು ದಿನ ಹಿಡಿಯಬಾರದೆಂದರೆ ಹೇಗೆಂದು ಸಂಜೆ ದರ್ಜಿಯ ಅಂಗಡಿಯಲ್ಲಿ ಸಭೆ ಸೇರಿತು. ಬೆತ್ತಣ್ಣನನ್ನು ಕರೆಯಲಿಲ್ಲ. ಅವನ ಒಳ್ಳೆಯದಕ್ಕೆಂದೇ ಸೇರಿದ ಸಭೆಯಾದ್ದರಿಂದ ಅವನ ಅಗತ್ಯವಿರಲಿಲ್ಲ. ಎದುರು ಮನೆಯಲ್ಲಿದ್ದ ಅವನ ಅಕ್ಕ, ತಮ್ಮ ಎಲ್ಲಿ ಮುಗ್ಗರಿಸುತ್ತಾನೋ ಎಂದು ಕಣ್ಣೊರೆಸಿಕೊಂಡಳು. ಆಗ ಗುಮಾಸ್ತರು ಕಾಗದವನ್ನು ಇನ್ನೊಮ್ಮೆ ಓದಿ ಕನ್ನಡಕ ತೆಗೆದರು.

"ಕೈ ಹಿಡೀಬಾರದು ಅಂತ ಇದೆ, ಒಪ್ಪಿದೆ. ದಾರಿ ಸರಿ ಮಾಡಬಾರದು ಅಂತ ಎಲ್ಲಾದ್ರೂ ಇದೆಯಾ? ಇಲ್ಲ," ಎಂದರು.

ಮರುದಿನ ಹತ್ತು ಹೊಡೆದಾಗ ಬೆತ್ತಣ್ಣ ಇಸ್ತ್ರಿಯ ಅಂಗಿ ತೊಟ್ಟು, ಮೀಸೆ ತೀಡಿಕೊಂಡು, ಬಿಳಿ ಕೋಲು ಹಿಡಿದು ಹೊಸ್ತಿಲು ದಾಟಿದ. ದಾಟಿದವನು ಅಲ್ಲೇ ನಿಂತ. ಬೀದಿ ಇರಲಿಲ್ಲ. ಹೊಲಿಗೆ ಯಂತ್ರದ ಸದ್ದಿಲ್ಲ, ಗಿರಣಿಯ ಸದ್ದಿಲ್ಲ. ಸೈಕಲ್ ಅಂಗಡಿಯವನ ಕೆಮ್ಮೂ ಇಲ್ಲ. ಬೆತ್ತಣ್ಣನ ಏಕಾಗ್ರತೆಗೆ ಭಂಗ ಬರಬಾರದೆಂದು ದರ್ಜಿ ಯಂತ್ರ ನಿಲ್ಲಿಸಿದ್ದ, ಗಿರಣಿಯವನು ಗಿರಣಿಯನ್ನೇ ನಿಲ್ಲಿಸಿದ್ದ. ಎಡವಬಾರದೆಂದು ಸೈಕಲ್ಲುಗಳನ್ನೆಲ್ಲ ಒಳಗೆ ಸಾಗಿಸಲಾಗಿತ್ತು. ಬೇಕರಿಯವನು ಬಾಗಿಲು ಅರ್ಧ ಎಳೆದಿದ್ದ. ಎಲ್ಲರೂ ಗೋಡೆಗೆ ಒರಗಿ, ಉಸಿರು ಬಿಗಿಹಿಡಿದು ನಿಂತಿದ್ದರು.

ಇರಲಿ, ಹೆಜ್ಜೆಯ ಲೆಕ್ಕವಾದರೂ ಇದೆಯಲ್ಲ ಎಂದು ಬೆತ್ತಣ್ಣ ಹೊರಟ. ನಲವತ್ತು, ನಲವತ್ತೊಂದು, ನಲವತ್ತೆರಡು. ಡಬಕ್ ಎನ್ನಬೇಕಾದ ಚಪ್ಪಡಿ ಪಚಕ್ ಎಂದಿತು. ಅವನ ಅನುಕೂಲಕ್ಕೆಂದು ಬೆಳಗಿನ ಜಾವ ಅದಕ್ಕೆ ಸಿಮೆಂಟು ಮೆತ್ತಿದ್ದರು. ಇನ್ನೂ ಒಣಗಿರಲಿಲ್ಲ. ಬಲಗಾಲು ಹೂತುಕೊಂಡಿತು; ಎಳೆದಾಗ ಕಾಲು ಬಂತು, ಚಪ್ಪಲಿ ಬರಲಿಲ್ಲ. ಬಗ್ಗಿ ಹುಡುಕುವಷ್ಟರಲ್ಲಿ ದಿಕ್ಕೂ ತಪ್ಪಿತು, ಲೆಕ್ಕವೂ ತಪ್ಪಿತು. ಹುಟ್ಟಿ ಬೆಳೆದ ಬೀದಿಯಲ್ಲಿ ಅವನು ಮೊದಲ ಸಲ ನಿಜವಾಗಿ ಕುರುಡನಾಗಿ ನಿಂತ.

ಆಗ ಶುರುವಾಯಿತು ಗುಪ್ತ ಸಹಾಯ. ಬಲಗಡೆಯಿಂದ ಗುಮಾಸ್ತರು, ಈ ಕಡೆ ಬಾ ಎಂಬ ಅರ್ಥದಲ್ಲಿ, ಎರಡು ಸಲ ಕೆಮ್ಮಿದರು. ಎಡಗಡೆಯ ತನ್ನ ಅಂಗಡಿಯ ಬಾಗಿಲಿನಿಂದ ಕ್ಷೌರಿಕ, ಆ ಕಡೆ ಬೇಡ ಚರಂಡಿ ಇದೆ ಎಂಬ ಅರ್ಥದಲ್ಲಿ, ಕತ್ತರಿ ಕಚಕಚ ಎನಿಸಿದ. ಹಿಂದಿನಿಂದ ಅಕ್ಕ ಬಳೆ ಆಡಿಸಿದಳು. ಅದಕ್ಕೆ ಏನರ್ಥವೋ ಅವಳಿಗೇ ಗೊತ್ತಿರಲಿಲ್ಲ, ಸುಮ್ಮನಿರಲಾಗಲಿಲ್ಲ ಅಷ್ಟೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಬೆತ್ತಣ್ಣ ಕೆಮ್ಮಿನತ್ತ ನಾಲ್ಕು ಹೆಜ್ಜೆ, ಬಳೆಯತ್ತ ಎರಡು ಹೆಜ್ಜೆ ಇಟ್ಟು, ಕೊನೆಗೆ ಕತ್ತರಿಯನ್ನು ನಂಬಿ ಹೋಗಿ ಕ್ಷೌರದಂಗಡಿಯ ಒಳಗೇ ನಿಂತ.

ಕ್ಷೌರಿಕನಿಗೆ ಬೆವರು ಕಿತ್ತುಕೊಂಡಿತು. ಅವನು ಕಿವಿಯ ಬಳಿ ಬಂದು ಪಿಸುಗುಟ್ಟಿದ: "ಬೆತ್ತಣ್ಣ, ಆಚೆ ಫೈಲು ಹಿಡಕೊಂಡು ಒಬ್ಬರು ನಿಂತಿದಾರೆ. ಅವರೇ ಅಧಿಕಾರಿ. ಈಗ ವಾಪಸ್ ಹೋದ್ರೆ ದಾರಿ ತಪ್ಪಿ ಬಂದೆ ಅಂತ ಬರ್ಕೋತಾರೆ. ಬೇಕಂತಲೇ ಬಂದ ಹಾಗೆ ಕೂತ್ಕೊಂಬಿಡು."

ಅದೂ ಸರಿ ಎನಿಸಿತು. ಬೆತ್ತಣ್ಣ ಕೂತ. ನೊರೆ ಹಚ್ಚಿದ ಮೇಲೆ ಬಾಯಿ ತೆರೆಯುವಂತಿರಲಿಲ್ಲ. ಕ್ಷೌರಿಕನ ಒಂದು ಕಣ್ಣು ಬೀದಿಯ ಮೇಲಿದ್ದದ್ದರಿಂದ ಕೈ ಒಮ್ಮೆ ಜಾರಿತು. ಅರ್ಧ ಮೀಸೆ ಹೋಯಿತು. ಇನ್ನರ್ಧ ಇಟ್ಟುಕೊಂಡರೆ ಸರ್ಕಾರದ ಮುಂದೆ ಚೆನ್ನಾಗಿರುವುದಿಲ್ಲವೆಂದು ಅದನ್ನೂ ಅವನೇ ತೆಗೆದ.

ಅಷ್ಟರಲ್ಲಿ ಹೊರಗೆ ಫೈಲಿನವರಿಗೆ ಉಪಚಾರ ನಡೆದಿತ್ತು. ಅಕ್ಕ ಕುರ್ಚಿ ಹಾಕಿಸಿ ಟೀ ಕೊಟ್ಟು, ತಮ್ಮನ ಗುಣಗಾನ ಮಾಡಿದ್ದಳು. ಗುಮಾಸ್ತರು ಸರ್ಕಾರಿ ಭಾಷೆಯಲ್ಲೇ ಮಾತಾಡಿ ಅವರ ಮನಸ್ಸು ಒಲಿಸಿದ್ದರು. ಎರಡನೇ ಟೀ ಮುಗಿಸಿದ ಮೇಲೆ ಆ ಮನುಷ್ಯ ಬಾಯಿ ಒರೆಸಿಕೊಂಡು, ಎಲ್ಲಾ ಸರಿ, ನಿಮ್ಮ ನೀರಿನ ಮೀಟರು ಎಲ್ಲಿದೆ ಎಂದು ಕೇಳಿದ.

ಬೆತ್ತಣ್ಣ ಒಂದು ಚಪ್ಪಲಿ, ಬೋಳು ಮೇಲ್ದುಟಿಯೊಂದಿಗೆ ಅಂಗಡಿಯಿಂದ ಹೊರಬಂದಾಗ ಬೀದಿಯಲ್ಲಿ ಇನ್ನೊಂದು ಕೋಲಿನ ಸದ್ದು ಕೇಳಿತು. ಟಕ್, ಟಕ್, ಟಕ್. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಗಡಿಯಾರದ ಹಾಗೆ. ಕೋಲು ಹಿಡಿಯುವುದನ್ನು ಬಲ್ಲವರ ಸದ್ದು. ಅಪರಿಚಿತ ಅಂಧ ಹೆಂಗಸೊಬ್ಬಳು ತನ್ನ ಪಾಡಿಗೆ ನಡೆದು ಬಂದು ಗಿರಣಿಯ ಮುಂದೆ ನಿಂತಳು.

ಬೀದಿ ಬೆಳಗಿನಿಂದ ಕೈ ಕಟ್ಟಿಕೊಂಡು ನಿಂತಿತ್ತು. ಬೆತ್ತಣ್ಣನಿಗೆ ಮಾಡಲಾಗದೆ ಉಳಿದ ಉಪಕಾರವೆಲ್ಲ ಕಟ್ಟೆಯೊಡೆದು ಅವಳ ಮೇಲೆ ನುಗ್ಗಿತು. ದರ್ಜಿ ಒಂದು ರಟ್ಟೆ ಹಿಡಿದ, ಗಿರಣಿಯವನು ಇನ್ನೊಂದು. ಗುಮಾಸ್ತರು ಕೋಲನ್ನೇ ಹಿಡಿದು ಮುಂದೆ ಎಳೆದರು. ಅವಳು, "ಬಿಡ್ರೀ, ನಾನು ಬಂದಿರೋದೇ ಇಲ್ಲಿಗೆ," ಎನ್ನುತ್ತಿದ್ದಳು. ಪಾಪ, ಸಂಕೋಚಕ್ಕೆ ಹಾಗೆ ಹೇಳುತ್ತಿದ್ದಾಳೆಂದು ಅಕ್ಕ ಸಮಾಧಾನ ಮಾಡುತ್ತ ಬೆನ್ನಿಗೆ ಕೈಯಿಟ್ಟು ನಡೆಸಿದಳು. ಬಸ್ಸಿಗೇ ಹೊರಟವಳಿರಬೇಕೆಂದು ಬೀದಿಗೆ ಬೀದಿಯೇ ಅವಳನ್ನು ಹೊತ್ತುಕೊಂಡಂತೆ ಒಯ್ದು, ನಿಂತಿದ್ದ ಬಸ್ಸಿಗೆ ಹತ್ತಿಸಿ, ಕಿಟಕಿಯ ಪಕ್ಕ ಸೀಟು ಬಿಡಿಸಿ ಕೂರಿಸಿತು.

ಆ ಗದ್ದಲ ಬೆತ್ತಣ್ಣನಿಗೆ ವರವಾಯಿತು. ಬೀದಿಗೆ ಮತ್ತೆ ಜೀವ ಬಂದಿತ್ತು. ಸಂತೋಷದಲ್ಲಿ ಯಾರೋ ಗಿರಣಿ ಹಾಕಿದರು. ಬೇಕರಿಯ ಬಾಗಿಲು ತೆರೆಯಿತು. ಅವನು ಕೋಲು ಆಡಿಸಿಕೊಂಡು, ಗಡಗಡಕ್ಕೆ ಬಲಕ್ಕೆ ತಿರುಗಿ, ಬಿಸಿಗಾಳಿಯ ಜಾಡು ಹಿಡಿದು ಹೋಗಿ ನಿಲ್ದಾಣದ ಕಂಬ ಮುಟ್ಟಿದ. ಅದೇ ದಾರಿಯಲ್ಲಿ ಒಂದೇ ಒಂದು ತಪ್ಪಿಲ್ಲದೆ ಮನೆಗೆ ಬಂದ. ಅವನನ್ನು ಯಾರೂ ನೋಡಲಿಲ್ಲ. ಎಲ್ಲರೂ ಬಸ್ಸಿಗೆ ಕೈ ಬೀಸುತ್ತಿದ್ದರು.

ಮುಕ್ಕಾಲು ಗಂಟೆಯ ಮೇಲೆ ಅವನ ಬಾಗಿಲ ಬಳಿ ಟಕ್ ಟಕ್ ಸದ್ದು ಬಂತು. ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದುಕೊಂಡೇ ಬಂದಿದ್ದ ಆ ಹೆಂಗಸು, ಇಲಾಖೆಯ ಪರಿಶೀಲನಾಧಿಕಾರಿ ನಾನೇ ಎಂದಳು. ಬೆತ್ತಣ್ಣ ಸದ್ದಾಗುವಂತೆ ಕುರ್ಚಿ ಎಳೆದಿಟ್ಟ. ಅವಳು ಕೂರುವ ಮೊದಲು ಹೆಣಿಗೆಯ ಮೇಲೆ ಬೆರಳಾಡಿಸಿ, ಒಳ್ಳೆ ಕೈಕೆಲಸ ಎಂದಳು. ಅವನು ತಾನೇ ಟೀ ಮಾಡಿ ತಂದುಕೊಟ್ಟ, ಒಂದು ಹನಿಯೂ ತುಳುಕಲಿಲ್ಲ. ಕಿಟಕಿಯ ಹೊರಗೆ ಬೀದಿಯವರೆಲ್ಲ ಸೇರಿ ಉಸಿರು ಬಿಗಿಹಿಡಿದದ್ದು ಒಳಗಿನ ಇಬ್ಬರಿಗೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಮೇಡಂ, ನಾನು ಒಂದು ಸಲ ಸರಿಯಾಗಿ ಹೋಗಿ ಬಂದೆ. ಆದ್ರೆ ಸಾಕ್ಷಿ ಯಾರೂ ಇಲ್ಲ," ಎಂದ ಬೆತ್ತಣ್ಣ.

"ನಾನಿದ್ದೀನಲ್ಲ. ಬಸ್ಸು ಹೊರಡೋದು ತಡ ಆಯ್ತು. ನೀವು ಕಂಬದ ಹತ್ರ ಬಂದು ತಿರುಗಿದ್ದು ಕಿಟಕಿಯಿಂದ ಕೇಳಿಸ್ತು. ಅಷ್ಟು ಚೊಕ್ಕವಾದ ಕೋಲಿನ ಸದ್ದು ಕೇಳಿ ಎಷ್ಟೋ ದಿನ ಆಗಿತ್ತು. ನೂರಕ್ಕೆ ನೂರು."

ಅವಳು ಬ್ರೈಲ್ ಬರೆಯುವ ಫಲಕ ತೆಗೆದು ಮೊನೆಗಡ್ಡಿಯಿಂದ ಕಾಗದವನ್ನು ಟಿಕ್ ಟಿಕ್ ಎಂದು ಚುಚ್ಚತೊಡಗಿದಳು. ಬೆತ್ತಣ್ಣನಿಗೆ ಆಸ್ಪತ್ರೆಯ ಟೆಲಿಫೋನುಗಳು ಆಗಲೇ ಕಿವಿಯಲ್ಲಿ ಗಣಗಣ ಎಂದವು. ಆದರೆ ಟಿಕ್ ಟಿಕ್ ನಿಲ್ಲಲಿಲ್ಲ. ನೂರಕ್ಕೆ ನೂರು ಎಂದು ಬರೆಯಲು ಇಷ್ಟು ಚುಕ್ಕೆ ಬೇಕಿಲ್ಲವೆಂಬುದು ಅವನಿಗೆ ಗೊತ್ತಿತ್ತು.

"ಫಾರಮ್ಮಲ್ಲಿ ಎರಡು ಭಾಗ ಇದೆ, ಎರಡೂ ಪಾಸಾದ್ರೇ ಸರ್ಟಿಫಿಕೇಟು," ಎಂದಳು ಅಧಿಕಾರಿ. "ಮೊದಲನೇದು ಅಭ್ಯರ್ಥಿ. ಅದರಲ್ಲಿ ನೀವು ಪಾಸು. ಎರಡನೇದು ಪರಿಸರ, ಅಂದ್ರೆ ನಿಮ್ಮ ಬೀದಿ. ಅದು ನನ್ನನ್ನ ಬಸ್ಸು ಹತ್ತಿಸಿ ಕಳಿಸ್ತು. ಅದಕ್ಕೆ ಪುನರ್ವಸತಿ ತರಬೇತಿ ಬೇಕು ಅಂತ ಬರ್ದಿದೀನಿ. ಮೂರು ತಿಂಗಳ ಕೋರ್ಸು, ದಿನಾ ಬೆಳಿಗ್ಗೆ ಹತ್ತರಿಂದ ಒಂದು, ಇದೇ ಮನೇಲಿ. ಅಂಧರ ಜೊತೆ ಹೇಗಿರಬೇಕು ಅಂತ ಅವರು ಅಭ್ಯಾಸ ಮಾಡೋದಕ್ಕೆ ನೀವು ಬೇಕೇ ಬೇಕು. ಆಸ್ಪತ್ರೆಯವರು ಅಲ್ಲೀವರೆಗೆ ಜಾಗ ಖಾಲಿ ಇಡ್ತಾರೆ, ನಾನು ಮಾತಾಡ್ತೀನಿ."

"ಮೂರು ತಿಂಗಳಾದ ಮೇಲೆ ಸರ್ಟಿಫಿಕೇಟು ಸಿಗುತ್ತಲ್ವಾ, ಮೇಡಂ?"

"ಸಿಗುತ್ತೆ. ಕೊನೇಲಿ ಒಂದು ಪರೀಕ್ಷೆ ಇರುತ್ತೆ. ನನ್ನ ಮೈಮೇಲೆ ಕೈಯಿಟ್ಟವರು ಹನ್ನೊಂದು ಜನ, ಎಣಿಸಿದೀನಿ. ಹನ್ನೊಂದು ಜನವೂ ಪಾಸಾಗಬೇಕು. ಒಬ್ಬರು ಫೇಲಾದ್ರೂ ಎಲ್ಲರಿಗೂ ಮತ್ತೆ ಮೊದಲಿಂದ."

ಬೆತ್ತಣ್ಣ ಮನಸ್ಸಿನಲ್ಲೇ ಆ ಹನ್ನೊಂದು ಜನರನ್ನು ಸಾಲಾಗಿ ನಿಲ್ಲಿಸಿ ನೋಡಿದ. ಕ್ಷೌರಿಕ ನಾಲ್ಕನೇ ತರಗತಿಯಲ್ಲಿ ಮೂರು ವರ್ಷ ಕೂತು, ಮೇಷ್ಟ್ರೇ ಕೈಮುಗಿದ ಮೇಲೆ ಶಾಲೆ ಬಿಟ್ಟಿದ್ದ. ಗಿರಣಿಯವನು ಡ್ರೈವಿಂಗ್ ಪರೀಕ್ಷೆಗೆ ಹೋಗಿ ಪರೀಕ್ಷಕರ ಸ್ಕೂಟರಿಗೇ ಗುದ್ದಿ ಬಂದಿದ್ದ. ಗುಮಾಸ್ತರು ಇಲಾಖಾ ಪರೀಕ್ಷೆಯನ್ನು ಒಂಬತ್ತು ಸಲ ಬರೆದು, ಪಾಸಾಗುವ ಮೊದಲೇ ನಿವೃತ್ತರಾಗಿದ್ದರು. ಅಕ್ಕ ಪರೀಕ್ಷೆ ಎಂಬ ಮಾತು ಕೇಳಿದರೇ ಅಳುತ್ತಿದ್ದಳು. ಇಡೀ ಬೀದಿಯಲ್ಲಿ ಪರೀಕ್ಷೆ ಬರೆದು ಒಂದೇ ಸಲಕ್ಕೆ ಪಾಸಾದವನೆಂದರೆ ಬೆತ್ತಣ್ಣನೊಬ್ಬನೇ.

ಅಧಿಕಾರಿ ಕೋಲು ಹಿಡಿದು ಎದ್ದಳು. ಅವಳು ಹೊಸ್ತಿಲು ದಾಟುವುದನ್ನೇ ಕಾಯುತ್ತಿದ್ದ ಬೀದಿ ಒಳಗೆ ನುಗ್ಗಿ ಬೆತ್ತಣ್ಣನನ್ನು ಸುತ್ತುವರಿಯಿತು. ಯಾರೋ ರಟ್ಟೆ ಹಿಡಿದರು, ಯಾರೋ ಹೆಗಲು ಹಿಡಿದರು. ಅಕ್ಕ ತಲೆ ಸವರಿದಳು. ಎಲ್ಲರ ಪರವಾಗಿ ಗುಮಾಸ್ತರು ಅವನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಭರವಸೆ ತುಂಬಿದ ದನಿಯಲ್ಲಿ ಹೇಳಿದರು:

"ನೀನೇನೂ ಯೋಚನೆ ಮಾಡ್ಬೇಡಪ್ಪ. ನಾವೆಲ್ಲ ಇದ್ದೀವಲ್ಲ."