ಸೀಟಿನಡಿಯ ಸೈಲೆನ್ಸರ್

ಗಲ್ಲಿಯ ರಸ್ತೆಗೆ ಹಂಪ್ಸ್ ಬೇಕೆಂಬ ಅರ್ಜಿಗೆ ಮೊದಲ ಸಹಿ ಹಾಕಿದವನು ನಂದನನೇ. ಅವನಿಗೆ ಹಂಪ್ಸ್ ಬೇಕಿತ್ತು ಅಂತಲ್ಲ. ಎದುರುಮನೆಯ ಶಂಕ್ರಪ್ಪನವರು ಪೆನ್ನಿನ ಮುಚ್ಚಳ ತೆಗೆದು ಮುಂದೆ ಹಿಡಿದಿದ್ದರು. ಮುಚ್ಚಳ ತೆಗೆದ ಪೆನ್ನನ್ನು ಹಾಗೇ ವಾಪಸು ಕೊಡುವ ಧೈರ್ಯ ನಂದನನಿಗೆ ನಲವತ್ತಾರು ವರ್ಷಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ. ಹಾಗೆ ಮಂಜೂರಾದ ಹಂಪ್ಸು ಶಂಕ್ರಪ್ಪನವರ ಖುದ್ದು ಉಸ್ತುವಾರಿಯಲ್ಲಿ ಏರುತ್ತ ಏರುತ್ತ, ಮೇಲೆ ನಿಂತರೆ ಅವರ ಮನೆಯ ಹಂಚು ಎಣಿಸಬಹುದು ಎಂಬಷ್ಟು ಎತ್ತರಕ್ಕೆ ಬಂದು ನಿಂತಿತು.

ಆ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನಂದನನ ಹದಿನೈದು ವರ್ಷದ ಕಾರು ಆ ಹಂಪ್ಸನ್ನು ಹತ್ತಿ ಇಳಿಯುವಾಗ ಹಿಂದೆ ಕಟಾರನೆ ಸದ್ದಾಯಿತು. ಸೈಲೆನ್ಸರ್ ಡಬ್ಬಿ ಕಳಚಿ ರಸ್ತೆಯ ಮೇಲೆ ಬಿದ್ದಿತ್ತು. ಆಮೇಲೆ ಕಾರು ತೆಗೆದ ದನಿಗೆ ಗಲ್ಲಿಯ ನಾಯಿಗಳು ಬೊಗಳುವುದನ್ನೂ ಮರೆತು ಗೇಟಿನೊಳಗೆ ಓಡಿದವು.

ಬೇರೆ ದಿನವಾಗಿದ್ದರೆ ನಂದನ ಡಬ್ಬಿಯನ್ನು ಡಿಕ್ಕಿಗೆ ಹಾಕಿಕೊಂಡು ಸುಮ್ಮನಾಗುತ್ತಿದ್ದ. ಆದರೆ ಅವತ್ತು ಅವನು ರಜೆ ಹಾಕಿದ್ದ; ಮಧ್ಯಾಹ್ನ ಮೂರಕ್ಕೆ ಕಾರು ಇನ್ನೂ ರಸ್ತೆಗೆ ಯೋಗ್ಯವೇ ಎಂದು ಪರೀಕ್ಷಿಸುವ ಎಫ್‌ಸಿ ಇತ್ತು. ಪಾಸಾದರೆ ಇನ್ನು ಐದು ವರ್ಷ ರಸ್ತೆಯ ಮೇಲೆ, ಇಲ್ಲದಿದ್ದರೆ ಗುಜರಿಗೆ. ಸಿದ್ದಾಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನು ಈ ಕಾರು ಕೊಳ್ಳುವ ಮೊದಲು ಹನ್ನೊಂದು ವರ್ಷ ಶಿರಸಿಯಿಂದ ಎಂಟೂಕಾಲರ ಬಸ್ಸಿನಲ್ಲಿ ನಿಂತೇ ಹೋದವನು. ಸೀಟು ಸಿಕ್ಕ ದಿನವೂ ಯಾರಾದರೂ ಪಕ್ಕದಲ್ಲಿ ನಿಂತು ಒಮ್ಮೆ ಉಸಿರು ಬಿಟ್ಟರೆ ಸಾಕು, ಎದ್ದು ಬಿಟ್ಟುಕೊಡುತ್ತಿದ್ದ. ಅವನ ಪಾದದ ಮೇಲೆ ಇಳಿಯದ ಚೀಲ ಆ ಬಸ್ಸಿನಲ್ಲಿ ಇರಲಿಲ್ಲ. ಬಾಗಿಲು ಹಾಕಿಕೊಂಡರೆ ಯಾರೂ ಏನನ್ನೂ ಕೇಳದ ಜಾಗ ಅಂತ ಅವನಿಗೆ ಜಗತ್ತಿನಲ್ಲಿದ್ದದ್ದು ಆ ಕಾರು ಒಂದೇ. ಅದು ಹೋಗುತ್ತದೆ ಎಂದು ನೆನೆದರೇ ಅವನಿಗೆ ಅಳು ಬರುತ್ತಿತ್ತು.

ಹೆಂಡತಿ ತನುಜಾ ಬಾಗಿಲಲ್ಲಿ ನಿಂತು ಹೇಳಿದಳು: "ಇವತ್ತು ಪಾಸಾಗ್ಲಿಲ್ಲ ಅಂದ್ರೆ ನಾಳೆ ನಾನೇ ಗುಜರಿಯವ್ನ ಕರೀತೆ. ಕಾರು ನಿಲ್ಲೂ ಜಾಗದಲ್ಲಿ ಮೆಣಸಿನ ಗಿಡ ಹಾಕ್ತೆ. ಅದಾದ್ರೂ ಸಾರಿಗೆ ಬತ್ತದೆ."

ನಂದನ ಡಬ್ಬಿ ಎತ್ತಿಕೊಳ್ಳಲು ಬಗ್ಗುವಷ್ಟರಲ್ಲಿ ಅದು ಶಂಕ್ರಪ್ಪನವರ ಕೈಯಲ್ಲಿತ್ತು. ಹಾವೇರಿ ಕಡೆಯ ಅವರು ಮೂವತ್ತೊಂದು ವರ್ಷ ಹುಬ್ಬಳ್ಳಿ ರೂಟಿನಲ್ಲಿ ಬಸ್ಸು ಓಡಿಸಿ, ನಿವೃತ್ತಿಯ ನಂತರ ಶಿರಸಿಯ ಈ ಗಲ್ಲಿಯನ್ನು ಓಡಿಸುತ್ತಿದ್ದರು.

"ತಮ್ಮಾ, ಇದು ಹಂಪ್ಸಿನ ತಪ್ಪಲ್ಲ," ಎಂದು ಅವರು ಮೊದಲು ಆ ವಿಷಯ ಇತ್ಯರ್ಥ ಮಾಡಿದರು. "ಡಬ್ಬಿ ಬಾಲದಾಗ ಇಟ್ಟದ್ದ ತಪ್ಪು. ಹಿಂದ ಜೋತು ಬಿದ್ರ ಬಡೀದ ಇನ್ನೇನ್ ಮಾಡತೈತಿ? ಮುಂದ ಹಾಕಸು, ಇಂಜಿನ್ ಮಗ್ಗಲಿಗೆ. ಸದ್ದು ಹುಟ್ಟಿದಲ್ಲೇ ಅದರ ಕುತ್ತಿಗಿ ಹಿಚುಕಬೇಕು."

"ಮುಂದೆ ಹಾಕಿದ್ರೆ ಡಬ್ಬಿ ಕಾದು ಕೆಂಪಾಗ್ತದೆ," ಎಂದು ಪಕ್ಕದ ಮನೆಯ ಸೀತಾ ಮೇಡಂ ಹೂವಿನ ಬುಟ್ಟಿ ಹಿಡಿದೇ ಬಂದರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು, ಪಾಠ ಮಾಡಲು ಮಕ್ಕಳಿಲ್ಲದೆ ಸೊರಗಿದ್ದರು. "ಹೊಗೆ ತಣಿತಾ ತಣಿತಾ ಹಿಂದೆ ಹೋಗ್ಬೇಕು. ಡಬ್ಬಿ ಹಿಂದೇನೇ ಇರ್ಬೇಕು."

"ಹಿಂದ ಇದ್ದದ್ದಕ್ಕ ಹೆಂಗ ತುಕ್ಕು ತಿಂದೈತಿ ನೋಡ್ರಿ ಮೇಡಂ. ಒಳಗ ನೀರು ನಿಂತೈತಿ."

"ನೀರು ಹೌದು. ಹೊಗೆಯಲ್ಲಿರೋ ಆವಿ ತಣಿದ್ರೆ ನೀರೇ ಆಗೂದು. ಅದು ಹೋಗ್ಲಿಕ್ಕೆ ಸಣ್ಣ ತೂತು ಇರ್ತದೆ. ನಂದನ, ತೂತು ಎಲ್ಲುಂಟು, ತೋರ್ಸು."

ನಂದನ ನೋಡಿದ. ಡಬ್ಬಿಯ ತುಂಬ ತೂತುಗಳೇ ಇದ್ದವು. ಮೇಡಂ ಯಾವುದನ್ನು ಕೇಳುತ್ತಿದ್ದಾರೆಂದು ತಿಳಿಯದೆ ಎಲ್ಲದಕ್ಕಿಂತ ದೊಡ್ಡದನ್ನು ತೋರಿಸಿದ.

ಯಲ್ಲಾಪುರ ರಸ್ತೆಯ ಹೊನ್ನನ ಗ್ಯಾರೇಜಿಗೆ ಒಬ್ಬನೇ ಹೋಗುತ್ತೇನೆಂದು ಅವನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಶಂಕ್ರಪ್ಪ ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಹಿಂದೆ ಸೀತಾ ಮೇಡಂ, ಅವರ ಪಕ್ಕದಲ್ಲಿ ಶಂಕ್ರಪ್ಪನವರ ಅಕ್ಕ ಪಾರ್ವತವ್ವ. ಆಕೆಗೆ ಆರು ತಿಂಗಳಿನಿಂದ ಸೊಂಟನೋವು, ನಡೆಯುವುದು ಕೋಲೂರಿಕೊಂಡು. "ಹೆಂಗೂ ಆ ಕಡೆ ಹೊಂಟೀಯಲ್ಲ ಯಪ್ಪಾ. ನನ್ನ ಟೊಂಕದ ಡಾಕ್ಟರ ಕಡೆ ಇಳಿಸಿಬಿಡು," ಎಂದಳು. ಕಾರು ಊರು ನಡುಗಿಸುತ್ತ ಹೊರಟಿತು. ಡಾಕ್ಟರು ಆ ದಿನ ರಜೆಯಲ್ಲಿದ್ದುದರಿಂದ ಪಾರ್ವತವ್ವನೂ ಗ್ಯಾರೇಜಿಗೇ ಬಂದಳು.

ಹೊನ್ನ ಇಂಥ ಕೆಲಸದಲ್ಲಿ ನಿಪುಣ. ಆದರೆ ಬಾಯಿಗೆ ಎಲೆಯಡಿಕೆಯ ಕವಳ ಹಾಕದೆ ಅವನ ಕೈ ಓಡುವುದಿಲ್ಲ, ಕವಳ ಹಾಕಿದ ಮೇಲೆ ಬಾಯಿ ಓಡುವುದಿಲ್ಲ. ಅಡಿಕೆ ಪೇಟೆಯ ಊರಿನಲ್ಲಿ ಕವಳ ತುಂಬಿದ ಬಾಯನ್ನು ಒತ್ತಾಯ ಮಾಡಿ ಮಾತಾಡಿಸುವುದು ಊಟಕ್ಕೆ ಕೂತವನನ್ನು ಎಬ್ಬಿಸಿದ ಹಾಗೆ. ಹೊನ್ನ ಕಾರಿನ ಅಡಿಗೆ ನುಸುಳಿ ಹೊರಬಂದು, ಸ್ಪ್ಯಾನರಿನಿಂದ ಹಿಂಭಾಗವನ್ನು ತೋರಿಸಿ, ಎರಡು ಬೆರಳೆತ್ತಿ, ಆಮೇಲೆ ಅಂಗೈಯನ್ನು ಮೇಲಕ್ಕೆ ಎತ್ತಿ ತೋರಿಸಿದ.

"ಎಂತ ಹೇಳ್ತಿದ್ದಾ?" ಎಂದು ನಂದನ ಕೇಳಿದ.

"ಎರಡು ತಾಸು ಹಿಡೀತೈತಿ ಅಂತಾನ," ಎಂದು ಶಂಕ್ರಪ್ಪ ಅರ್ಥ ಹೇಳಿ ಅಸಲು ವಾದಕ್ಕೆ ಬಂದರು. ಮುಂದೆ ಎಂದು ಅವರು, ಹಿಂದೆ ಎಂದು ಮೇಡಂ. ಶಂಕ್ರಪ್ಪ ತಮ್ಮ ಬಸ್ಸುಗಳ ನಂಬರನ್ನೆಲ್ಲ ಸಾಕ್ಷಿಗೆ ಕರೆದರು. ಮೇಡಂ ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹೊಗೆಯ ಅಲೆಗಳನ್ನು ಬರೆದರು. ಪಂಚರ್ ತಿದ್ದಿಸಲು ಬಂದ ಇಬ್ಬರು ಒಬ್ಬೊಬ್ಬರ ಪಕ್ಷ ಹಿಡಿದು ಬೈಕನ್ನು ಮರೆತರು. ಹನ್ನೆರಡೂವರೆಯಾಗಿತ್ತು.

"ನಿನ್ನ ಗಾಡಿ, ನೀನ ಹೇಳು ತಮ್ಮಾ," ಎಂದರು ಶಂಕ್ರಪ್ಪ.

"ಹೌದು, ಹೇಳು ನಂದನ," ಎಂದರು ಮೇಡಂ.

ನಾಲ್ಕು ಕಣ್ಣುಗಳು ಅವನ ಮೇಲಿದ್ದವು. ಒಬ್ಬರು ಎದುರುಮನೆ, ಇನ್ನೊಬ್ಬರು ಪಕ್ಕದ ಮನೆ. ಯಾರನ್ನು ಬೇಜಾರು ಮಾಡಿದರೂ ಬೆಳಗಾದರೆ ಅದೇ ಮುಖ ನೋಡಬೇಕು. ನಂದನ ಹೇಳಿದ: "ಮುಂದೂ ಬೇಡ, ಹಿಂದೂ ಬೇಡ. ನಡುವಿಗೆ ಹಾಕಿದ್ರೆ ಹೆಂಗೆ?"

ನಡುವೆ ಎಂದರೆ ಹಿಂದಿನ ಸೀಟಿನ ಕೆಳಗೆ. ಇಬ್ಬರಿಗೂ ಇದು ಅರ್ಧ ಗೆಲುವಾಗಿ ಕಂಡಿತು. ಹೊನ್ನ ಮಾತ್ರ ತಲೆಯನ್ನು ಜೋರಾಗಿ ಅಡ್ಡಡ್ಡ ಆಡಿಸಿ, ತನ್ನ ಕುಂಡೆಯನ್ನು ಮುಟ್ಟಿ, ಕೆಂಡ ಮುಟ್ಟಿದವನ ಹಾಗೆ ಕೈಯನ್ನು ಹಿಂದಕ್ಕೆಳೆದುಕೊಂಡ.

"ನೋಡು, ಅವನೂ ಸೀಟಿನ ಬುಡಕ್ಕ ಅಂತಾನ," ಎಂದರು ಶಂಕ್ರಪ್ಪ. ಹೊನ್ನ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಕವಳವನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ದಾಟಿಸಿ ಕೆಲಸಕ್ಕಿಳಿದ.

ಎರಡೂವರೆಗೆ ಕಾರು ಸಿದ್ಧವಾಯಿತು. ಹೊನ್ನ ಹಳೆಯ ಪೈಪನ್ನು ಕತ್ತರಿಸಿ, ನಡುವೆ ಹೊಸ ಡಬ್ಬಿ ಕೂರಿಸಿ ಬೆಸೆದಿದ್ದ. ನಂದನ ಕೀಲಿ ತಿರುಗಿಸಿದರೆ ಇಂಜಿನ್ ಶುರುವಾಯಿತೋ ಇಲ್ಲವೋ ಎಂದು ಬಗ್ಗಿ ಕೇಳಬೇಕಾಯಿತು. ಆಗ ಹೊನ್ನ ಗಟಾರದ ಬಳಿ ಹೋಗಿ ಕವಳ ಉಗಿದು, ಬಾಯಿ ಮುಕ್ಕಳಿಸಿ, ನಿಧಾನಕ್ಕೆ ಬಂದು ಮಾತಾಡಿದ.

"ನಂದಣ್ಣ, ಹಿಂದೇನೇ ಎರಡು ಇಂಚು ಮೇಲೆತ್ತಿ ಕಟ್ಟಿದ್ರೆ ಸಾಕಿತ್ತು. ಅರ್ಧ ತಾಸಿನ ಕೆಲ್ಸ. ನಾ ಆವಾಗಿಂದ ಅದೇ ಹೇಳ್ತಿದ್ದೆ."

"ಈಗೆಂತ ಆತದೆ?"

"ಸದ್ದಿಗೆ ಎಂತ ತೊಂದ್ರೆ ಇಲ್ಲ. ಟ್ಯಾಂಕೂ ದೂರ ಉಂಟು, ಹೆದರಿಕೆ ಬೇಡ. ಇಂಜಿನ್ ಹತ್ರ ಬಂತಲ್ಲ, ಡಬ್ಬಿ ಬಿಸಿ ಜಾಸ್ತಿ. ಹಿಂದಿನ ಸೀಟು ಸ್ವಲ್ಪ ಕಾಯ್ತದೆ."

ಬಿಚ್ಚಿ ಮತ್ತೆ ಹಾಕಲು ಹೊತ್ತಿರಲಿಲ್ಲ. ಕಾರು ಎಫ್‌ಸಿ ಮೈದಾನದ ಕಡೆ ಓಡಿತು.

ಅರ್ಧ ದಾರಿಯಲ್ಲಿ ಸೀತಾ ಮೇಡಂ ತಮ್ಮ ಕೈಚೀಲದ ಮೇಲೆ ಕೂತರು. ಮುಕ್ಕಾಲು ದಾರಿಯಲ್ಲಿ ಮುಂದಿನ ಸೀಟು ಹಿಡಿದು ಅರ್ಧ ಎದ್ದು ನಿಂತರು. "ಹತ್ತಿರವಾದಷ್ಟೂ ಶಾಖ ಹೆಚ್ಚು, ನಾ ಹೇಳಿದ್ದೆ," ಎಂದು ನಿಂತೇ ಪಾಠ ಮುಗಿಸಿದರು. ಪಾರ್ವತವ್ವ ಮಾತ್ರ ಉಸಿರೆತ್ತಲಿಲ್ಲ. ನಂದನ ಕನ್ನಡಿಯಲ್ಲಿ ನೋಡಿದ. ಮುದುಕಿ ಕಣ್ಣು ಮುಚ್ಚಿ, ಬಾಯಿ ಅರೆ ತೆರೆದು ಒರಗಿದ್ದಳು. ಅವನು ಕಾರಿನ ವೇಗ ತಗ್ಗಿಸಿದ. ಎಫ್‌ಸಿ ಹಾಳಾಗಲಿ, ಈ ಜೀವವೊಂದು ಉಳಿದರೆ ಸಾಕು ಎಂದು ಅವನು ಮನಸ್ಸಿನಲ್ಲೇ ಮಾರಿಕಾಂಬೆಗೆ ಕೈ ಮುಗಿದ.

"ಪಾರ್ವತವ್ವಾ, ನೀರು ಬೇಕಾ?"

"ಸುಮ್ಮ ಹೊಡಿ ಯಪ್ಪಾ," ಎಂದಳು ಆಕೆ, ಕಣ್ಣು ತೆರೆಯದೆ.

ಮೈದಾನದಲ್ಲಿ ಇನ್‌ಸ್ಪೆಕ್ಟರು ಕಾಯುತ್ತಿದ್ದರು. ಹಿಂದೆ ಕೂತವರು ಇಳಿಯಬೇಕು ಎಂದರು. ಮೇಡಂ ಬಾಗಿಲು ತೆರೆಯುವ ಮೊದಲೇ ಇಳಿದಿದ್ದರು. ಪಾರ್ವತವ್ವ ಇಳಿಯಲಿಲ್ಲ.

"ಅಜ್ಜಿ, ಇಳೀರಿ."

"ಇಳಿಯೂದಿಲ್ಲ."

"ಅಕ್ಕಾ, ಸಾಹೇಬ್ರು ಹೇಳಾಕತ್ತಾರ," ಎಂದು ಶಂಕ್ರಪ್ಪ ಬೇಡಿಕೊಂಡರು. ಗಲ್ಲಿಯಲ್ಲಿ ಅವರ ಮಾತು ಮೀರುವವಳು ಇದೊಬ್ಬಳೇ. ಇನ್‌ಸ್ಪೆಕ್ಟರು ಗಡಿಯಾರ ನೋಡಿ, ಅಜ್ಜಿ ಸಮೇತವೇ ಪರೀಕ್ಷೆ ಶುರು ಮಾಡಿದರು. ಬ್ರೇಕು, ದೀಪ, ಹೊಗೆ ಎಲ್ಲ ನೋಡಿದರು. ಸದ್ದು ಅಳೆಯುವ ಯಂತ್ರ ಹಿಡಿದು, ಅದು ಕೆಟ್ಟಿದೆಯೇನೋ ಎಂದು ಎರಡು ಸಲ ತಟ್ಟಿದರು. ಆಮೇಲೆ ಬಗ್ಗಿ ಕಾರಿನ ಅಡಿ ನೋಡಿದರು.

"ಈ ಡಬ್ಬಿ ಇಲ್ಲಿಗೆ ಯಾಕೆ ಬಂತು?"

ನಂದನ ಬಾಯಿ ತೆರೆದ. ಹಂಪ್ಸಿನಿಂದ ಶುರು ಮಾಡಿ, ಭೌತಶಾಸ್ತ್ರ ದಾಟಿ ಕವಳಕ್ಕೆ ಬರುವಷ್ಟರಲ್ಲಿ ಅವರು ಕೈಯೆತ್ತಿ ತಡೆದರು.

"ಗಟ್ಟಿಯಾಗಿ ಕೂತಿದೆ, ಸದ್ದು ಹೊಗೆ ಎರಡೂ ಮಿತಿಯೊಳಗಿದೆ," ಎಂದರು ಇನ್‌ಸ್ಪೆಕ್ಟರು. "ಪಾಸ್. ಆದ್ರೆ ಇಷ್ಟೆಲ್ಲ ಕತ್ತರಿಸಿ ಬೆಸೆದ ಪೈಪು ಇನ್ನೊಂದು ಸಲ ತಡೆಯೂದಿಲ್ಲ. ಡಬ್ಬಿ ಜಾಗ ಬದಲಾಯ್ಸಿದ್ರೆ ಮತ್ತೆ ತಂದು ತೋರಿಸ್ಬೇಕು, ಆವಾಗ ಪಾಸು ಮಾಡ್ತೇನೆ ಅಂತ ಹೇಳೂಕಾಗೂದಿಲ್ಲ. ಐದು ವರ್ಷ ಹೀಗೇ ಇರ್ಲಿ."

ಐದು ವರ್ಷ. ನಂದನನಿಗೆ ಕಣ್ಣು ತುಂಬಿ ಬಂತು. ಯಾರ ಚೀಲವೂ ಪಾದದ ಮೇಲಿಲ್ಲದ ಐದು ವರ್ಷ.

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಪಾರ್ವತವ್ವ ಇಳಿದಳು, ನೆಟ್ಟಗೆ ನಿಂತಳು, ಹತ್ತು ಹೆಜ್ಜೆ ನಡೆದಳು. ಕೋಲು ಸೀಟಿನ ಮೇಲೇ ಇತ್ತು.

"ಅಕ್ಕಾ, ಕೋಲು," ಎಂದರು ಶಂಕ್ರಪ್ಪ.

"ನೀನ ಇಟ್ಕೋ. ಆರು ತಿಂಗಳು ಎಣ್ಣಿ ತಿಕ್ಕೀನಿ, ಗುಳಿಗಿ ನುಂಗೀನಿ. ಒಂದೂ ನಾಟಲಿಲ್ಲ. ಈ ಸೀಟಿನ ಕಾವು ಎಲುಬಿಗೆ ಇಳೀತು ನೋಡು." ಆಕೆ ನಂದನನ ಕೆನ್ನೆ ಸವರಿದಳು. "ನಿನ್ನ ಹೊಟ್ಟಿ ತಣ್ಣಗಿರಲಿ ಯಪ್ಪಾ."

ನಂದನನಿಗೆ ಜೀವನದಲ್ಲಿ ಮೊದಲ ಸಲ ತನ್ನ ತೀರ್ಮಾನವೊಂದು ಸರಿಯಾಯಿತು ಅನ್ನಿಸಿತು. ಆ ಹೆಮ್ಮೆಯಲ್ಲಿ ಅವನು ದಾರಿಯುದ್ದಕ್ಕೂ ಹಾಡು ಗುನುಗಿದ. ತನುಜಾ ಕೂಡ ನಕ್ಕು, ಮೆಣಸಿನ ಸಸಿಯನ್ನು ಕುಂಡದಲ್ಲೇ ನೆಟ್ಟಳು.

ಮರುದಿನ ಎಂಟಕ್ಕೆ ಅಂಗಿ ಇಸ್ತ್ರಿ ಮಾಡಿಕೊಂಡು, ಊಟದ ಡಬ್ಬಿ ಹಿಡಿದು ಹೊರಬಂದರೆ ಕಾರಿನ ಇಂಜಿನ್ ಆಗಲೇ ಚಾಲೂ ಆಗಿತ್ತು. ಕಿಟಕಿಗಳೆಲ್ಲ ಇಳಿದಿದ್ದವು. ಹಿಂದಿನ ಸೀಟಿನಲ್ಲಿ ಪಾರ್ವತವ್ವನ ಜೊತೆಗೆ ಗಲ್ಲಿಯ ಇನ್ನಿಬ್ಬರು ಅಜ್ಜಿಯರು ಕಣ್ಣು ಮುಚ್ಚಿ ಒರಗಿದ್ದರು. ಕಟ್ಟೆಯ ಮೇಲೆ ಒಂಬತ್ತು ಜನ ಸೊಂಟ ಹಿಡಿದುಕೊಂಡು ಕಾದಿದ್ದರು. ಸೀತಾ ಮೇಡಂ ಕೈಗಡಿಯಾರ ಹಿಡಿದು, ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಶಾಖ ಒಳ್ಳೆಯದಲ್ಲ ಎಂದು ವಿವರಿಸುತ್ತಿದ್ದರು. ತನುಜಾ ಎಲ್ಲರಿಗೂ ಕಷಾಯ ಕೊಡುತ್ತಿದ್ದಳು.

"ಕೀಲಿ ನಾನೇ ಕೊಟ್ಟೆ," ಎಂದಳು ಅವಳು. "ವಯಸ್ಸಾದವ್ರು ಕೇಳಿದ್ರು. ಇಲ್ಲ ಅನ್ನೂಕೆ ನಿಮ್ಗಾದ್ರೂ ಆಗ್ತಿತ್ತಾ?"

ಅಷ್ಟರಲ್ಲಿ ಶಂಕ್ರಪ್ಪನವರು ಒಂದು ಹಾಳೆ ಹಿಡಿದು ಬಂದರು. ಗಲ್ಲಿಯ ಹಿರಿಯರ ಹಿತದೃಷ್ಟಿಯಿಂದ ಸದರಿ ಕಾರು ಪ್ರತಿದಿನ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ನಿಂತಲ್ಲೇ ಚಾಲೂ ಇರತಕ್ಕದ್ದು, ಸೈಲೆನ್ಸರ್ ಡಬ್ಬಿಯನ್ನು ಯಾವ ಕಾರಣಕ್ಕೂ ಕದಲಿಸಕೂಡದು ಎಂದು ಅದರಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು. ಕೆಳಗೆ ಸಹಿಗಳಿಗೆ ಸಾಲಾಗಿ ಜಾಗ ಬಿಟ್ಟಿತ್ತು.

ಶಂಕ್ರಪ್ಪ ಪೆನ್ನಿನ ಮುಚ್ಚಳ ತೆಗೆದು ಮುಂದೆ ಹಿಡಿದರು.

ನಂದನ ಮೊದಲ ಸಹಿ ಹಾಕಿದ. ಆಮೇಲೆ ಊಟದ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಹಂಪ್ಸು ಹತ್ತಿ ಇಳಿದು, ಎಂಟೂಕಾಲರ ಬಸ್ಸು ಹಿಡಿಯಲು ಓಡಿದ.