ಹನ್ನೊಂದನೇ ಅಧ್ಯಾಯದ ಹೀರೇಬಳ್ಳಿ

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ಪಕ್ಕದ ಮನೆಯ ಸುದ್ದಿಯ ಚಟ, ನನಗೆ ಗ್ರೀಕ್ ಪುರಾಣದ ಚಟ. ಮೈಸೂರಿನಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಗ್ರೀಸ್ ದೇಶದ ದೇವರುಗಳ ಬಗ್ಗೆ ಕನ್ನಡದಲ್ಲಿ ಕಾದಂಬರಿ ಬರೆದು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುತ್ತೇನೆ. “ನಿನ್ನನ್ನ ಯಾರು ಕೇಳಿದ್ರು?” ಎಂದು ನನ್ನ ಹೆಂಡತಿ ಪ್ರತಿ ಪುಸ್ತಕಕ್ಕೂ ಒಮ್ಮೆ ಕೇಳುತ್ತಾಳೆ. ಅದನ್ನೇ ನಾನು ಮುನ್ನುಡಿ ಎಂದುಕೊಂಡುಬಿಟ್ಟಿದ್ದೇನೆ. ಮಾದಾಪುರದ ಒಂದು ಕಂಪನಿಯಲ್ಲಿ ತಂತ್ರಾಂಶದ ಕೈಪಿಡಿ ಬರೆಯುವುದು ನನ್ನ ಉದ್ಯೋಗ. ಯಾರೂ ಓದದ್ದನ್ನು ಅಚ್ಚುಕಟ್ಟಾಗಿ ಬರೆಯುವ ಅಭ್ಯಾಸ ಕಚೇರಿಯಲ್ಲೇ ಆಗಿದ್ದರಿಂದ ಕಾದಂಬರಿಕಾರನಾಗುವುದು ನನಗೆ ಕಷ್ಟವಾಗಲಿಲ್ಲ. ಇಷ್ಟು ವರ್ಷ ಪಾತಾಳ, ಪ್ರೇತ, ಶಾಪ ಎಂದು ಧಾರಾಳವಾಗಿ ಬರೆದವನಿಗೆ ಎಂದೂ ಹೆದರಿಕೆಯಾಗಿರಲಿಲ್ಲ. ಈಚೆಗೆ ಆಗುತ್ತಿದೆ. ಅದೇ ಕಾರಣಕ್ಕೆ ಈ ಬರಹದೊಳಗೆ ನನ್ನ ಹೆಸರನ್ನು ಎಲ್ಲೂ ಬರೆಯುವುದಿಲ್ಲ. ಸಂಪಾದಕರು ಮೇಲೆ ಹಾಕಿಕೊಂಡರೆ ಅದು ಅವರ ಹೊಣೆ.

ಮೊದಲನೆಯ ಕಾದಂಬರಿ ಗೂಳಿಯ ತಲೆ, ಮನುಷ್ಯನ ಮೈ ಇದ್ದ ಒಬ್ಬ ನತದೃಷ್ಟನದು. ಮೂಲದ ಹೆಸರುಗಳನ್ನೆಲ್ಲ ಹಾಗೇ ಉಳಿಸಿಕೊಂಡಿದ್ದೆ. ಓದಿದ ಒಬ್ಬರು, ಈ ಹೆಸರುಗಳನ್ನು ಚೀಟಿಯಲ್ಲಿ ಬರೆದು ಕೋಠಿ ಪೇಟೆಯ ಔಷಧದಂಗಡಿಯಲ್ಲಿ ಕೊಟ್ಟರೆ ಅರ್ಧಕ್ಕರ್ಧ ಮಾತ್ರೆ ಸಿಕ್ಕೇ ಸಿಗುತ್ತವೆ ಎಂದರು. ಅಂದಿನಿಂದ ಹೆಸರುಗಳ ಗೊಡವೆ ಬಿಟ್ಟೆ. ಕೋಠಿಯ ಪುಸ್ತಕದಂಗಡಿಯವನು ಮುಖಪುಟದ ಚಿತ್ರ ನೋಡಿ ಅದನ್ನು ಹೈನುಗಾರಿಕೆಯ ಪುಸ್ತಕಗಳ ಜೊತೆ ಇಟ್ಟಿದ್ದ. ಕೊಂಡುಕೊಂಡ ಒಬ್ಬ ರೈತರು ಜಹೀರಾಬಾದಿನ ಕಡೆಯಿಂದ ಫೋನು ಮಾಡಿ, ಈ ತಳಿ ಎಲ್ಲಿ ಸಿಗುತ್ತದೆ, ಹಾಲು ಹೇಗೆ ಎಂದು ವಿಚಾರಿಸಿದರು. ಸಾಲದ್ದಕ್ಕೆ, ಕರಡು ನೋಡಲು ನನಗೆ ಸೋಮಾರಿತನ ಬಂದು ಒಂದು ಅಧ್ಯಾಯ ಎರಡು ಸಲ ಅಚ್ಚಾಗಿ, ಪಾಪ, ಆ ಗೂಳಿಮನುಷ್ಯ ಎರಡೆರಡು ಬಾರಿ ಸತ್ತಿದ್ದ. ಎರಡನೆಯ ಕಾದಂಬರಿ ತಲೆಕೂದಲೆಲ್ಲ ಹಾವಾಗಿದ್ದ ಹೆಂಗಸಿನದು. ಅವಳನ್ನು ನೋಡಿದವರು ಕಲ್ಲಾಗುತ್ತಾರೆ. ಅದು ನಾಗರ ಪಂಚಮಿಯ ವಾರ ಬಿಡುಗಡೆಯಾಯಿತು. ಕನ್ನಡ ಸಂಘದ ಹೆಣ್ಣುಮಕ್ಕಳು ಮುಖಪುಟ ನೋಡಿ ಕೈಮುಗಿದು ಮನೆಗೊಂದರಂತೆ ಒಯ್ದರು. ಮೂರು ಮನೆಗಳ ದೇವರ ಜಗುಲಿಯ ಮೇಲೆ ಅರಿಸಿನ ಕುಂಕುಮ ಹಚ್ಚಿಸಿಕೊಂಡ ನನ್ನ ಕಾದಂಬರಿಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಒಳಗೆ ಏನಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ. ಎರಡನೇ ಮುದ್ರಣವಾಯಿತು.

ಮೂರನೆಯದೇ ಈ ಕಥೆಗೆ ಕಾರಣ. ಒಬ್ಬ ಹಾಡುಗಾರ. ಹೆಂಡತಿ ಹಾವು ಕಚ್ಚಿ ಸಾಯುತ್ತಾಳೆ. ಇವನು ಹಾಡುತ್ತ ಹಾಡುತ್ತ ಸತ್ತವರ ಲೋಕಕ್ಕೇ ಹೋಗಿ ಅಲ್ಲಿನ ರಾಜನ ಮನಸ್ಸು ಕರಗಿಸುತ್ತಾನೆ. ಕರೆದುಕೊಂಡು ಹೋಗು, ಆದರೆ ಮೇಲೆ ತಲುಪುವವರೆಗೆ ತಿರುಗಿ ನೋಡಬೇಡ ಎಂದು ರಾಜ ಹೇಳುತ್ತಾನೆ. ಇನ್ನೇನು ತಲುಪಬೇಕು, ಇವನು ತಿರುಗಿ ನೋಡುತ್ತಾನೆ. ಅವಳು ಮತ್ತೆ ಹೋಗಿಬಿಡುತ್ತಾಳೆ. ಇದನ್ನು ಬರೆಯಲು ಮೂರು ವರ್ಷ ಹಿಡಿಯಿತು. ಇದನ್ನಾದರೂ ಜನ ಒಳಗೆ ತೆರೆದು ಓದದಿದ್ದರೆ ಇನ್ನು ಬರೆಯುವುದೇ ಇಲ್ಲ ಎಂದು ಹೆಂಡತಿಯ ಮುಂದೆ ಶಪಥ ಮಾಡಿದ್ದೆ. ಅವಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಳು. ಸಂಘದ ರಾಜ್ಯೋತ್ಸವದಲ್ಲಿ ಬಿಡುಗಡೆ ಎಂದು ನಿಶ್ಚಯವಾಯಿತು. ಮದುವೆ ಕಾರ್ಡುಗಳ ಕೆಲಸ ಶುರುವಾಗುವ ಮೊದಲು ಕೋಠಿಯ ಪ್ರೆಸ್ಸಿನವನು ಒಂದು ವಾರ ಯಂತ್ರ ಬಿಟ್ಟುಕೊಡುವುದಾಗಿ ಒಪ್ಪಿದ. ಈ ಸಲ ಯಾರೂ ಎರಡು ಬಾರಿ ಸಾಯಕೂಡದು ಎಂದು ಕರಡು ತಿದ್ದಲು ಶಿವಶರಣಪ್ಪನವರನ್ನು ಹಿಡಿದೆ.

ಶಿವಶರಣಪ್ಪನವರು ಕಲಬುರ್ಗಿ ಕಡೆಯವರು, ನಾಚಾರಂನಲ್ಲಿ ನಮ್ಮಿಂದ ಎರಡು ಬೀದಿ ಆಚೆ ಮನೆ. ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡಿ ನಿವೃತ್ತರಾದವರು. ಅಲ್ಲಿಯ ಪದ್ಧತಿಯನ್ನೇ ಕರಡಿಗೂ ತಂದಿದ್ದರು. ಪ್ರತಿ ಹಾಳೆಯ ಮೂಲೆಯಲ್ಲಿ ಹಸಿರು ಶಾಯಿಯಲ್ಲಿ ಪಾಸ್, ರಿವರ್ಕ್, ಸ್ಕ್ರ್ಯಾಪ್ ಈ ಮೂರರಲ್ಲಿ ಒಂದನ್ನು ಬರೆದು, ಸಹಿ ಮಾಡಿ ತಾರೀಖು ಹಾಕುತ್ತಿದ್ದರು. ಹತ್ತು ಅಧ್ಯಾಯ ಪಾಸಾಗಿ ಬಂದವು. ಹನ್ನೊಂದನೆಯದು, ಅಂದರೆ ಸತ್ತವರ ಲೋಕದ ಅಧ್ಯಾಯ, ರಿವರ್ಕ್ ಆಗಿ ಬಂತು, ಅದರ ಕೊನೆಯ ಎರಡು ಪುಟ ಸ್ಕ್ರ್ಯಾಪ್. ಅಕ್ಷರದ ತಪ್ಪು ಒಂದೂ ಇರಲಿಲ್ಲ. ನಾನು ಕಗ್ಗತ್ತಲೆ ಎಂದು ಬರೆದ ಕಡೆ, “ಕತ್ತಲಿ ಇರೂದಿಲ್ಲ. ಪರದೆ ಎಳದ ಮನಿಯೊಳಗ ನಾಕ ಗಂಟೆಕ್ಕ ಇರ್ತೈತಲ್ಲ, ಹಂಗ ಬೆಳಕು” ಎಂದಿತ್ತು. ದೋಣಿಯಲ್ಲಿ ಆತ್ಮಗಳು ಸಾಲಾಗಿ ಕುಳಿತಿದ್ದವು ಎಂಬಲ್ಲಿ, “ಕೂಡಾಕ ಜಾಗ ಇಲ್ಲ. ನಿಂತ ಹೋಗಬೇಕು” ಎಂದಿತ್ತು. ಹಾಡುಗಾರನ ಹೆಜ್ಜೆಯ ಸಪ್ಪಳ ಗುಹೆಯಲ್ಲಿ ಮಾರ್ದನಿಸಿತು ಎಂದು ನಾನು ಸೊಗಸಾಗಿ ಬರೆದದ್ದಕ್ಕೆ ಕಾಟು ಹೊಡೆದು, “ಚಪ್ಪಲಿ ಸಪ್ಪಳ ಬರೂದಿಲ್ಲ. ಅದರಿಂದನ ಗೊತ್ತಾಗೂದು” ಎಂದು ಬರೆದಿದ್ದರು. ನದಿಯ ದಡದ ವರ್ಣನೆಯ ಪಕ್ಕದಲ್ಲಿ ಒಂದೇ ಸಾಲು: “ಇಲ್ಲೆ ಹೀರೀಬಳ್ಳಿ ಬೇಕು.”

ನನಗೆ ಸಿಟ್ಟು ಬಂತು. ಗ್ರೀಕರ ಪಾತಾಳದಲ್ಲಿ ಹೀರೇಕಾಯಿ ಬೆಳೆದ ದಾಖಲೆ ಯಾವ ಗ್ರಂಥದಲ್ಲೂ ಇಲ್ಲ. ಆದರೆ ಆ ಚಪ್ಪಲಿಯ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಮರುದಿನ ಮೆಟ್ರೋ ನಿಲ್ದಾಣದ ಉದ್ದಕ್ಕೂ ನನ್ನ ಚಪ್ಪಲಿ ಸದ್ದು ಮಾಡುತ್ತಿದೆಯೇ ಎಂದು ಕಿವಿಗೊಟ್ಟು ನಡೆದೆ. ಮಾಡುತ್ತಿತ್ತು. ಐವತ್ತೆರಡು ವರ್ಷದವನು ನೆಲವನ್ನು ಅಪ್ಪಳಿಸಿ ಅಪ್ಪಳಿಸಿ ನಡೆಯುವುದನ್ನು ನೋಡಿ ಕಾವಲಿನವನು ಚೀಲ ಬಿಚ್ಚಲು ಹೇಳಿದ. ಚೀಲದಲ್ಲಿದ್ದದ್ದು ಹನ್ನೊಂದನೇ ಅಧ್ಯಾಯ.

ಪ್ರೆಸ್ಸಿನ ಗಡುವಿಗೆ ಎರಡು ದಿನ ಇದ್ದಾಗ ಅಧ್ಯಾಯವನ್ನು ಕೈಯಲ್ಲಿ ಹಿಡಿದು ಅವರ ಮನೆಗೆ ಹೋದೆ. ಭಾನುವಾರ, ಮಧ್ಯಾಹ್ನದ ನಾಲ್ಕು ಗಂಟೆ. ಬಿಸಿಲಿಗೆಂದು ಪರದೆ ಎಳೆದಿದ್ದರು. ಒಳಗೆ ಕತ್ತಲೆಯೂ ಅಲ್ಲದ ಬೆಳಕೂ ಅಲ್ಲದ ಆ ಬೆಳಕು ನೋಡಿ ಚಪ್ಪಲಿ ಬಿಡುವ ಮೊದಲು ಹೊಸ್ತಿಲಾಚೆ ಎರಡು ಸಲ ಕಾಲು ಬಡಿದೆ. ಶಿವಶರಣಪ್ಪನವರು ಆರಾಮಕುರ್ಚಿಯಲ್ಲಿದ್ದರು. ಅವರ ಹೆಂಡತಿ ಮಹಾದೇವಮ್ಮನವರು ಚಹಾ ತಂದಿಟ್ಟು ಅಲ್ಲೇ ನೆಲದ ಮೇಲೆ ಕುಳಿತು ಸೊಪ್ಪು ಬಿಡಿಸತೊಡಗಿದರು.

“ಸರ್, ದೋಣಿ, ಬಳ್ಳಿ ಎಲ್ಲ ಹೇಗೋ ಮಾಡೋಣ” ಎಂದೆ. “ಕೊನೇ ಎರಡು ಪುಟಕ್ಕೆ ಸ್ಕ್ರ್ಯಾಪ್ ಅಂತ ಬರೆದಿದೀರಲ್ಲ, ಅದೇ ಕಾದಂಬರಿಯ ಜೀವ!”

“ಈಕಿ ಗಂಡನ ಹಿಂದ ಬರ್ತಾ ಆರ ಸಲ ಹೆಸರ ಹಿಡದ ಕರದಾಳಲ್ರಿ, ಯಾಕ?”

“ಪ್ರೀತಿ ಸರ್.”

“ಪ್ರೀತಿ ಇದ್ದಾಕಿ ಕರಿಯೂದಿಲ್ರಿ” ಎಂದರು, ಅಳತೆ ತಪ್ಪಿದ ಬೋಲ್ಟು ಹಿಡಿದವರಂತೆ ಹಾಳೆಯನ್ನು ಬೆಳಕಿಗೆ ಹಿಡಿದು. “ಇರ್ಲಿ. ಅಂವ ಯಾಕ ತಿರಗಿ ನೋಡಿದ?”

“ಅನುಮಾನ. ಬರ್ತಿದಾಳೋ ಇಲ್ವೋ ಅಂತ. ಹಿಂದಿನಿಂದ ಎಲ್ಲರೂ ಹಾಗೇ ಬರೆದಿದಾರೆ.”

“ಎಲ್ಲಾರೂ ತಪ್ಪ ಬರದಾರ. ಅನುಮಾನಕ್ಕ ಯಾರೂ ತಿರಗೂದಿಲ್ರಿ ಅಲ್ಲೆ. ಅಲ್ಲೆ ಏನೂ ಅನಸೂದಽ ಇಲ್ಲ. ಸುಮ್ಮ ಹೊಂಟಿರ್ತೀವಿ. ಆಕಿ ಹೆಸರ ಹಿಡದ ಕರದಳು, ಜಲ್ಮದಾಗ ಒಮ್ಮಿ. ಅದಕ್ಕ ತಿರಗಿದ.”

“ನಿಮಗೆ ಹೇಗೆ ಗೊತ್ತು ಸರ್?”

“ನಾ ತಿರಗಿದ್ನಲ್ರಿ” ಎಂದರು, ನಿನ್ನೆ ಮಾರ್ಕೆಟ್ಟಿಗೆ ಹೋಗಿದ್ದೆ ಎನ್ನುವ ಧಾಟಿಯಲ್ಲಿ.

ನಾನು ಚಹಾದ ಲೋಟ ಕೆಳಗಿಟ್ಟೆ. ಮಹಾದೇವಮ್ಮನವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ, ತಲೆ ಎತ್ತದೆ ಹೇಳಿದರು. “ಎರಡ ವರ್ಷದ ಹಿಂದ ಎದಿ ಬ್ಯಾನಿ ಬಂದಿತ್ತಲ್ಲ ತಮ್ಮಾ. ದವಾಖಾನ್ಯಾಗ ಮಷೀನಿನ ಗೆರಿ ಸೀದಾ ಆಗಿಬಿಡ್ತು. ಡಾಕ್ಟರು ಎದಿ ಒತ್ತಾಕತ್ತಾರ. ನರ್ಸು ನನ್ನ ರಟ್ಟಿ ಹಿಡದು ಒಳಗ ಎಳದು, ಪೇರು ಪೆಟ್ಟಿ ಪಿಲವಂಡಮ್ಮಾ ಅಂದ್ಲು. ಹೆಸರ ಹಿಡದ ಕರೀರಿ ಅಂತ. ನಾ ಎಂದ ಕರದೀನಿ? ಲಗ್ನದಾಗ ಒಡಪಿನ ಹಾಡಿನ ಕಡಿಗೆ ಕೂಡಿಸಿ ಹೆಸರ ಹೇಳಿದ್ದಷ್ಟ. ಒಡಪು ಇಲ್ಲದ ಹೆಸರು ಬಾಯಾಗ ಬರವಲ್ಲದು. ಅದಕ್ಕ ಒಡಪಽ ಸುರು ಮಾಡಿದ್ನಿ. ನರ್ಸು, ಪಾಟ ಕಾದಮ್ಮಾ, ಪೇರು ಪೇರು ಅಂತ ಬೈದ್ಲು. ಹಾಡ ಬ್ಯಾಡ, ಹೆಸರ ಹೇಳು ಅಂತ. ಆಮ್ಯಾಲೆ ಕಣ್ಣ ಮುಚ್ಚಿ ಚೀರಿಬಿಟ್ನಿ.”

“ಯಾವ ಹೆಣಮಗಳು ಇಷ್ಟ ಸಲಿಗಿಲೆ ಕರ್ಯಾಕತ್ತಾಳ ಅಂತ ತಿರಗಿದ್ನಿ” ಎಂದರು ಶಿವಶರಣಪ್ಪನವರು. “ನೋಡಿದ್ರ ಮ್ಯಾಲೆ ಪಂಖಾ ತಿರಗಾಕತ್ತಿತ್ತು.”

ನಗಬೇಕೋ ಬೇಡವೋ ತಿಳಿಯಲಿಲ್ಲ. ಸುಮ್ಮನೆ ಮಾತಿಗೆ, “ಯಾವ ಒಡಪು ಅಮ್ಮಾ?” ಎಂದೆ.

ಆ ವಯಸ್ಸಿನಲ್ಲೂ ಅವರ ಮುಖ ಕೆಂಪಾಯಿತು. “ಹಿತ್ತಲದಾಗ ಹಬ್ಬೇತಿ ಹೀರೀಬಳ್ಳಿ ಅಂತ. ಮುಂದಿಂದಕ್ಕ ನರ್ಸು ಬಿಡಲಿಲ್ಲ.”

ನಾನು ಮಡಿಲಲ್ಲಿದ್ದ ಹಾಳೆಯನ್ನು ನೋಡಿದೆ. ಹಸಿರು ಶಾಯಿಯ ಆ ಒಂದು ಸಾಲು ಅಲ್ಲೇ ಇತ್ತು. ಅದನ್ನು ಮಹಾದೇವಮ್ಮನವರ ಕೈಗೆ ಕೊಟ್ಟೆ. ಓದಿ, ಸೊಪ್ಪಿನ ಕಂತೆ ಕೆಳಗಿಟ್ಟರು. “ಒಡಪಿನ ಮಾತ ಇವರಿಗೆ ನಾ ಹೇಳೇ ಇಲ್ಲ ತಮ್ಮಾ. ನಾಚಿಕಿ ಬಂದಿತ್ತು.” ಶಿವಶರಣಪ್ಪನವರು ನಮ್ಮಿಬ್ಬರ ಮುಖವನ್ನೂ ನೋಡಿ, “ಬಳ್ಳಿ ಇತ್ರಿ ಅಲ್ಲೆ. ಹೂ ಸೈತ ಬಿಟ್ಟಿತ್ತು. ಇದ್ದದ್ದ ಬರದೀನಿ” ಎಂದರು. ಹೆದರಿಕೆಯ ಜೊತೆಗೇ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಮಹಾ ಸಂತೋಷವೂ ಆಯಿತು. ಮೂರು ವರ್ಷ ಹುಡುಕಿದ ಕಾದಂಬರಿ ಸೊಪ್ಪಿನ ಪಕ್ಕದಲ್ಲಿ ಕುಳಿತಿತ್ತು. ಶಿವಶರಣಪ್ಪನವರು ಅತ್ತ ಹೊರಟಿದ್ದರು, ತಿರುಗಿದ್ದಕ್ಕೆ ಉಳಿದರು. ಹಾಡುಗಾರ ಇತ್ತ ಬರುತ್ತಿದ್ದ, ತಿರುಗಿದ್ದಕ್ಕೆ ಕಳೆದುಕೊಂಡ. ಕರೆದವಳು ಮಾತ್ರ ಎರಡು ಕಡೆಯೂ ಎಂದೂ ಹೆಸರು ಹಿಡಿಯದವಳು.

ನಾನು ಏಳುವಾಗ ಶಿವಶರಣಪ್ಪನವರು ಕೇಳಿದರು, “ನಿಮ್ಮ ಮನಿಯವರು ನಿಮ್ಮನ್ನ ಹೆಸರ ಹಿಡದ ಕರೀತಾರೇನ್ರಿ?”

“ಕಾಲೇಜಿನಲ್ಲಿ ಒಂದೇ ತರಗತಿ ಸರ್ ನಾವು. ದಿನಕ್ಕೆ ಐವತ್ತು ಸಲ ಕರೀತಾಳೆ.”

“ತಿರಗಿ ನೋಡ್ತೀರಿ?”

ಯೋಚಿಸಿದೆ. ಬರೆಯುವ ಮೇಜಿನ ಮುಂದೆ ಕುಳಿತವನು ಹೆಂಡತಿ ಕರೆದರೆ ತಿರುಗಿದ ನೆನಪು ಇರಲಿಲ್ಲ. “ಇಲ್ಲ” ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ತಲೆ ಅಲ್ಲಾಡಿಸಿದರು. ರಿವರ್ಕ್ ಎಂದು ನನ್ನ ಹಣೆಯ ಮೇಲೆ ಹಸಿರು ಶಾಯಿಯಲ್ಲಿ ಬರೆದಂತಾಯಿತು.

ಎರಡು ದಿನ ಕಚೇರಿಗೆ ರಜೆ ಹಾಕಿ ಅಧ್ಯಾಯವನ್ನು ಹೊಸದಾಗಿ ಬರೆದೆ. ಆರು ಸಲದ ಹೆಸರನ್ನು ತೆಗೆದು, ಕಟ್ಟಕಡೆಗೆ ಒಂದೇ ಸಲ ಇಟ್ಟೆ. ದಡದಲ್ಲಿ ಬಳ್ಳಿ ಹಬ್ಬಿಸಿದೆ. ಪಾಸ್ ಸಿಕ್ಕಿತು, ಪುಸ್ತಕ ವೇಳೆಗೆ ಬಂತು. ಬಿಡುಗಡೆಯ ಸಭೆಯಲ್ಲಿ ಆ ಎರಡು ಪುಟ ಓದಿದಾಗ ಮುಂದಿನ ಸಾಲಿನಲ್ಲಿದ್ದ ಹಿರಿಯ ಹೆಣ್ಣುಮಕ್ಕಳು ಬೀಸಣಿಗೆ ನಿಲ್ಲಿಸಿ ಕೂತುಬಿಟ್ಟರು. ಪ್ರತಿಗಳೆಲ್ಲ ಖರ್ಚಾದವು. ಈ ಸಲ ಅರಿಸಿನ ಕುಂಕುಮದ ಸಹಾಯವಿಲ್ಲದೆ. ಒಬ್ಬ ವಿಮರ್ಶಕರು ಮಾತ್ರ ಗ್ರೀಸಿನಲ್ಲಿ ಹೀರೇಬಳ್ಳಿ ಅಸಂಭವ ಎಂದು ಬರೆದರು. ಅವರಿಗೆ ಉತ್ತರ ಕೊಡಲು ನನಗೆ ಧೈರ್ಯವಾಗಲಿಲ್ಲ.

ಅವತ್ತಿನಿಂದ ನನ್ನ ಚಿಂತೆಯೇ ಬೇರೆ. ದಿನಕ್ಕೆ ಐವತ್ತು ಸಲ ಸವೆದುಹೋದ ಹೆಸರಿಗೆ ಆಪತ್ತಿನಲ್ಲಿ ಏನು ಬಲವಿದ್ದೀತು? ಹೆಂಡತಿಯ ಮುಂದೆ ಎಲ್ಲ ಹೇಳಿ, ಇನ್ನು ಮುಂದೆ ನನ್ನ ಹೆಸರು ಕರೆಯಬೇಡ, ಎತ್ತಿಡು ಎಂದು ಬೇಡಿಕೊಂಡೆ. ಅವಳು ಬಹಳ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಸರಿ ಎಂದಳು. ಒಂದು ತಿಂಗಳು “ರೀ” ಎಂದೂ, ರೇಗಿದಾಗ “ಏ ಸಾಹಿತಿ” ಎಂದೂ ಕರೆದಳು. ನಿಜ ಹೇಳಬೇಕೆಂದರೆ ಮನೆ ಬಣಗುಟ್ಟುತ್ತಿತ್ತು. ಅಷ್ಟು ವರ್ಷ ನಾನು ಕೇಳಿಸಿಕೊಳ್ಳದೆ ಇದ್ದದ್ದು ಎಷ್ಟು ಎಂದು ಆಗ ಗೊತ್ತಾಯಿತು.

ಹೋದ ಶುಕ್ರವಾರ ಮಧ್ಯಾಹ್ನ ಎರಡನೇ ಮುದ್ರಣದ ಮುಖಪುಟ ನೋಡಲು ಕೋಠಿಗೆ ಹೋಗಿದ್ದೆ. ಪ್ರೆಸ್ಸಿನ ಮೆಟ್ಟಿಲು ಇಳಿಯುತ್ತಿದ್ದೇನೆ, ಹಿಂದಿನಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ಒಂದೇ ಸಲ, ಮೆಲ್ಲಗೆ, ಸ್ಪಷ್ಟವಾಗಿ. ತಟ್ಟನೆ ತಿರುಗಿದೆ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಆಗಲೇ ರಸ್ತೆಯ ಆಟೋ, ಬಸ್ಸುಗಳ ಗದ್ದಲ ಒಮ್ಮೆಲೇ ಕಿವಿಗೆ ಬಿತ್ತು. ಅದಕ್ಕೆ ಮೊದಲಿನ ಮೆಟ್ಟಿಲುಗಳಲ್ಲಿ ನನ್ನ ಚಪ್ಪಲಿ ಸದ್ದು ಮಾಡಿತ್ತೇ? ಎಷ್ಟು ನೆನಪಿಸಿಕೊಂಡರೂ ನೆನಪಾಗಲಿಲ್ಲ. ಗೋಡೆ ಹಿಡಿದು ನಿಂತು ಮನೆಗೆ ಫೋನು ಮಾಡಿದೆ.

“ಈಗ ನನ್ನ ಕರೆದೆಯಾ?”

ಕುಕ್ಕರಿನ ಸದ್ದು ಕೇಳಿಸಿತು. “ಕೇಳಿಸ್ತಾ?” ಎಂದಳು. “ಅಡುಗೆಮನೇಲಿ ನಿಂತು ಒಂದು ಸಲ ಕರೆದು ನೋಡಿದೆ ಅಷ್ಟೆ. ಕೆಲಸ ಮಾಡುತ್ತಾ ಅಂತ. ತಿರುಗಿದೆಯಾ?”

“ತಿರುಗಿದೆ.”

“ಪಕ್ಕದ ಕೋಣೆಯಿಂದ ಹತ್ತು ಸಲ ಕೂಗಿದ್ರೂ ತಿರುಗದೋನು” ಎಂದಳು. ಆಮೇಲೆ ಕುಕ್ಕರು ಆರಿಸಿ ಬಂದು, “ಸರಿ, ಬರ್ತಾ ಅರ್ಧ ಕೆಜಿ ಹೀರೇಕಾಯಿ ತಗೊಂಡು ಬಾ” ಎಂದಳು.

ದಾರಿಯುದ್ದಕ್ಕೂ ತಳ್ಳುಗಾಡಿಗಳ ಮೇಲೆ ಎಳೆಯ ಹೀರೇಕಾಯಿ ಹಸಿರು ಹಸಿರಾಗಿ ಬಿದ್ದಿತ್ತು. ನಾನು ಆ ಕಡೆ ಮುಖ ಹಾಕದೆ, ಚಪ್ಪಲಿ ಅಪ್ಪಳಿಸಿಕೊಂಡು ನಡೆದು, ಸಿಗಲಿಲ್ಲ ಎಂದು ಸುಳ್ಳು ಹೇಳಿ ಬೆಂಡೆಕಾಯಿ ತಂದೆ.