ರಾಷ್ಟ್ರಪತಿಯಾಗಲಿಕ್ಕೆ ಏನೇನು ಬೇಕು

ನಾನು ಹೆದರಿದ್ದು ಯಾವುದೂ ಆಗುವುದಿಲ್ಲ. ಹೆದರಲಿಕ್ಕೆ ಮರೆತದ್ದು ಮಾತ್ರ ತಪ್ಪದೆ ಆಗುತ್ತದೆ. ಎಂಬತ್ತರ ದಶಕದಲ್ಲಿ ಬಂಟ್ವಾಳದ ಹತ್ತಿರದ ಒಂದು ಅನುದಾನಿತ ಶಾಲೆಯಲ್ಲಿ ನಾನು ಸಮಾಜ ಪಾಠದ ಮಾಸ್ಟ್ರು. ವಯಸ್ಸು ಮೂವತ್ತಾರು, ಕೆಲಸ ಇನ್ನೂ ತಾತ್ಕಾಲಿಕ. ಇನ್ಸ್‌ಪೆಕ್ಟರು ಬಂದು, ಪಾಠ ನೋಡಿ, ಶಿಫಾರಸು ಬರೆದರೆ ಮಾತ್ರ ಖಾಯಂ. ಸರಕಾರದ ಸಂಬಳ ಆಮೇಲೆಯೇ. ಬರೆಯದಿದ್ದರೆ ಮೂಡಬಿದ್ರೆಯಲ್ಲಿ ಭಾವನ ಜವಳಿ ಅಂಗಡಿ ಉಂಟು, ಅಲ್ಲಿ ಗಿರಾಕಿಗಳಿಗೆ ಬಟ್ಟೆ ಅಳೆದು ಹರಿಯುವುದು. ಅವರು ಬರುತ್ತಾರೆಂದು ಗೊತ್ತಾದಾಗ ಏಳನೇ ಕ್ಲಾಸಿಗೆ ರಾಷ್ಟ್ರಪತಿಯ ಅರ್ಹತೆಗಳ ಪಾಠ ನಡೆಯುತ್ತಿತ್ತು. ಭಾರತದ ಪ್ರಜೆಯಾಗಿರಬೇಕು, ಮೂವತ್ತೈದು ತುಂಬಿರಬೇಕು, ಲೋಕಸಭೆಗೆ ನಿಲ್ಲುವ ಅರ್ಹತೆ ಬೇಕು, ಸರಕಾರದ ಲಾಭದಾಯಕ ಹುದ್ದೆಯಲ್ಲಿ ಇರಬಾರದು. ನಾಲ್ಕೇ ನಾಲ್ಕು. ಅದರಲ್ಲಿ ಏನು ಎಡವಟ್ಟಾದೀತು ಎಂದುಕೊಂಡಿದ್ದೆ.

ಓದಿನ ಮಾತೇ ಇಲ್ಲ

ಮರುದಿನ ಬೆಳಿಗ್ಗೆ ಬೀಡಿ ಕಟ್ಟುವ ಹೆಂಗಸೊಬ್ಬರು ಮಗನ ಕೈ ಹಿಡಿದು ಎಳಕೊಂಡು ಬಂದರು. ಇವನು ಮನೆಲೆಕ್ಕ ಮಾಡುವುದಿಲ್ಲವಂತೆ, ರಾಷ್ಟ್ರಪತಿಯಾಗಲು ಓದು ಬೇಡ ಎಂದು ಮಾಸ್ಟ್ರೇ ಹೇಳಿದ್ದಾರಂತೆ, ಹೌದಾ ಎಂದು ಕೇಳಿದರು. ನಾನು ಗಾಬರಿಯಿಂದ ಪುಸ್ತಕ ತಿರುವಿದೆ. ನಿಜವಾಗಿಯೂ ಓದಿನ ಮಾತು ಎಲ್ಲಿಯೂ ಇರಲಿಲ್ಲ.

"ಹಾಗಾದರೆ ಮೂವತ್ತೈದು ತುಂಬುವವರೆಗೆ ಇವನು ಬೀಡಿ ಎಲೆ ಕತ್ತರಿಸಲಿ," ಎಂದರು ಆಕೆ. "ಆಮೇಲೆ ನೀವೇ ಡೆಲ್ಲಿಗೆ ಕರಕೊಂಡು ಹೋಗಿ ಮಾಸ್ಟ್ರೇ."

ಇನ್ಸ್‌ಪೆಕ್ಟರು ಬರುವಾಗ ಕ್ಲಾಸೇ ಖಾಲಿಯಾದರೆ ಏನು ಗತಿ ಎಂದು ನನಗೆ ಊಟ ಸೇರಲಿಲ್ಲ. ಮರುದಿನ ನೋಡಿದರೆ ಹುಡುಗ ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. ಒಂದೇ ಸಂಜೆ ಎಲೆ ಕತ್ತರಿಸಿದ ಮೇಲೆ ಅವನಿಗೆ ಲೆಕ್ಕ ಬಹಳ ಸುಲಭ ಎನಿಸಿತಂತೆ.

ಒಂದೇ ದಿನ ಹುಟ್ಟಿದವರು

ಇನ್ಸ್‌ಪೆಕ್ಟರಿಗೆ ತೋರಿಸಲಿಕ್ಕೆ ಒಬ್ಬ ಶಾಲಾ ನಾಯಕ ಬೇಕು, ಚುನಾವಣೆ ಮಾಡಿಸಿ ಎಂದರು ಹೆಡ್‌ಮಾಸ್ಟ್ರು. ನನ್ನ ಬುದ್ಧಿಗಿಷ್ಟು! ಪಾಠಕ್ಕೂ ಆಯಿತೆಂದು ಸಂವಿಧಾನದ ಹಾಗೆಯೇ ನಿಯಮ ಬರೆದೆ. ಹನ್ನೆರಡು ತುಂಬಿರಬೇಕು, ಶಾಲೆಯಲ್ಲಿ ಲಾಭದ ಬೇರೆ ಕೆಲಸ ಇರಬಾರದು.

ವಯಸ್ಸು ನೋಡಲು ದಾಖಲಾತಿ ಪುಸ್ತಕ ತೆರೆದರೆ ಅರ್ಧ ಕ್ಲಾಸು ಜೂನ್ ಒಂದರಂದೇ ಹುಟ್ಟಿದೆ. ಹೆಡ್‌ಮಾಸ್ಟ್ರ ಹತ್ತಿರ ಓಡಿದೆ. ಅವರು ಸಮಾಧಾನದಿಂದ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ತಂದೆತಾಯಿ ಬಂದು ನೆರೆ ಬಂದ ವಾರ ಹುಟ್ಟಿದ್ದು, ದನ ಕರು ಹಾಕಿದ ಮರುದಿನ ಹುಟ್ಟಿದ್ದು ಎಂದರೆ ತಾನೇನು ಬರೆಯುವುದು ಎಂದು ಕೇಳಿದರು. ಇನ್ಸ್‌ಪೆಕ್ಟರು ನೋಡಿದರೆ ಎಂದೆ.

"ನೋಡಲಿ ಮಾರಾಯ್ರೆ. ಅವರನ್ನು ಶಾಲೆಗೆ ಸೇರಿಸಿಕೊಂಡದ್ದು ಆಗ ಹೆಡ್‌ಮಾಸ್ಟ್ರಾಗಿದ್ದ ನನ್ನ ತಂದೆ. ಅವರದ್ದೂ ಅದೇ ತಾರೀಕು."

ಉಪ್ಪಿಟ್ಟಿನ ಹುದ್ದೆ

ಚುನಾವಣೆಗೆ ಮೂವರು ನಿಂತರು. ಗೆಲ್ಲುವವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು: ಮಧ್ಯಾಹ್ನ ಮಕ್ಕಳಿಗೆ ಉಪ್ಪಿಟ್ಟು ಬಡಿಸುವ ಹುಡುಗಿ, ಬಲು ಜಾಣೆ. ಆದರೆ ಎದುರಾಳಿಯೊಬ್ಬ ತಕರಾರು ತೆಗೆದ. ಬಡಿಸುವವಳಿಗೆ ಕೊನೆಗೆ ಒಂದು ಸೌಟು ಹೆಚ್ಚು ಸಿಗುತ್ತದೆ, ಹಾಗಾಗಿ ಅದು ಲಾಭದಾಯಕ ಹುದ್ದೆ ಎಂದ. ನಿಯಮ ನಾನೇ ಬರೆದದ್ದು, ಏನು ಹೇಳಲಿ? ಉಪ್ಪಿಟ್ಟಿಗೆ ರಾಜೀನಾಮೆ ಕೊಡು ಎಂದೆ. ಅವಳು ಒಂದು ಗಳಿಗೆ ಯೋಚಿಸಿ, ನಾಯಕಿಯ ಪಟ್ಟವೇ ಬೇಡ ಎಂದುಬಿಟ್ಟಳು.

ಸಂಜೆಯೊಳಗೆ ಉಳಿದಿಬ್ಬರೂ ನಾಮಪತ್ರ ಹಿಂತೆಗೆದುಕೊಂಡು ಸೌಟಿಗೆ ಅರ್ಜಿ ಹಾಕಿದರು. ಶಾಲೆಗೆ ನಾಯಕನೇ ಇಲ್ಲದ ಹಾಗಾಯಿತು.

ಈ ಕೋಣೆಯಲ್ಲಿ ಯಾರು

ಇನ್ಸ್‌ಪೆಕ್ಟರು ಬಂದರು. ನಾಯಕ ಎಲ್ಲಿ ಎಂದರು. ಹೆಡ್‌ಮಾಸ್ಟ್ರು ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ಹೋಯಿತು ಕೆಲಸ, ಇನ್ನು ಭಾವನ ಅಂಗಡಿಯೇ ಗತಿ ಎಂದುಕೊಂಡೆ. ಅವರು ಪಾಠ ಯಾವುದೆಂದು ಕೇಳಿ, ಮಕ್ಕಳ ಕಡೆ ತಿರುಗಿ, ಈ ಕೋಣೆಯಲ್ಲಿ ರಾಷ್ಟ್ರಪತಿಯಾಗುವ ಅರ್ಹತೆ ಯಾರಿಗೆ ಉಂಟು ಎಂದು ಕೇಳಿದರು.

ಉಪ್ಪಿಟ್ಟಿನ ಹುಡುಗಿ ಎದ್ದಳು.

"ನಮಗೆ ವಯಸ್ಸಾಗಲಿಲ್ಲ ಸಾರ್. ನಿಮಗೂ ಹೆಡ್‌ಮಾಸ್ಟ್ರಿಗೂ ಸರಕಾರದ ಸಂಬಳ ಉಂಟು, ಆಗುವುದಿಲ್ಲ. ನಮ್ಮ ಮಾಸ್ಟ್ರಿಗೆ ಆಗ್ತದೆ. ಮೂವತ್ತೈದು ತುಂಬಿದೆ, ಅವರ ಹುದ್ದೆಯಲ್ಲಿ ಲಾಭ ಏನೂ ಇಲ್ಲ."

ಹೆಡ್‌ಮಾಸ್ಟ್ರು ಸುಮ್ಮನೆ ಕೆಮ್ಮಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಇನ್ಸ್‌ಪೆಕ್ಟರು ಮಾತ್ರ ಕನ್ನಡಕ ತೆಗೆದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಜೇಬಿನಿಂದ ಪೆನ್ನು ತೆಗೆದರು.

"ಇದು ಸ್ವಲ್ಪ ಅಪಾಯದ ವಿಷಯ," ಎಂದರು. "ಆ ಶಿಫಾರಸಿನ ಕಾಗದ ತನ್ನಿ ಹೆಡ್‌ಮಾಸ್ಟ್ರೇ, ಇವರನ್ನು ಇವತ್ತೇ ಅನರ್ಹ ಮಾಡಿಬಿಡುವ."